ಅಪ್ಪಣೆ ಕೊಡಲಾರದ ನಾಯಕ

ಚುನಾವಣೆಯೆಂದರೆ ಒಂದು ಸ್ಥಾನಕ್ಕೆ ಹತ್ತಾರು ಮಂದಿ ಪೈಪೋಟಿ ನಡೆಸುವುದನ್ನು ಕಂಡು ನಮಗೆ ರೂಢಿಯಾಗಿದೆ. ಸ್ಥಾನವುಂಟು, ಮತದಾರರುಂಟು, ಚುನಾವಣೆಯ ದಿನಗಳೂ ಗೊತ್ತಾಗಿವೆ. ಆದರೆ ನಿಲ್ಲುವವರೇ ಇಲ್ಲವೆಂದರೆ ಅದು ವಿಚಿತ್ರವಾಗಿ ತೋರುವುದು ಸಹಜ. 2019ರ ಮಾರ್ಚ್ ತಿಂಗಳಿನಲ್ಲಿ ಡೆಬಿಯನ್ ಎಂಬ ಜಗದ್ವ್ಯಾಪಿ ತಂತ್ರಾಂಶ ಸಮುದಾಯದಲ್ಲಿ ಹೀಗೆಯೇ ಆಯಿತು. ನಾಯಕಸ್ಥಾನಕ್ಕೆ ತಮ್ಮ ಹೆಸರನ್ನು ಸೂಚಿಸಿಕೊಳ್ಳಲು ಗೊತ್ತುಮಾಡಿದ್ದ ಒಂದು ವಾರ ಕಳೆದುಹೋಯಿತು. ಸುಮಾರು ಒಂದು ಸಾವಿರ ಸದಸ್ಯರಲ್ಲಿ ಯಾರೊಬ್ಬರೂ ಮುಂದೆ ಬರಲಿಲ್ಲ. ಅಲ್ಲಿಯ ನಿಬಂಧನೆಗಳನ್ನು ಬರೆದವರು ಇಂಥ ದಿನವೂ ಬಂದೀತೆಂದು ಮೊದಲೇ ಊಹಿಸಿದ್ದರು. ಉಮೇದುವಾರರಿಲ್ಲದಿದ್ದರೆ ಅವಧಿಯನ್ನು ಇನ್ನೊಂದು ವಾರ ಬೆಳೆಸತಕ್ಕದ್ದು, ಅಗತ್ಯವಾದರೆ ಮತ್ತೆ ಮತ್ತೆ ಬೆಳೆಸತಕ್ಕದ್ದು ಎಂಬುದು ನಿಯಮ. ಹೆಚ್ಚಿನ ವಾರದಲ್ಲಿ ಹೆಸರುಗಳು ಬಂದವು. ಕೊನೆಗೆ ನಾಲ್ವರು ಕಣದಲ್ಲಿ ಉಳಿದರು. ಸ್ಯಾಮ್ ಹಾರ್ಟ್‌ಮನ್ ಆಯ್ಕೆಯಾದರು.

ಜನರು ಹಿಂದೆಗೆಯುವಂಥ ಆ ಸ್ಥಾನ ಎಂಥದು? ಅದರಲ್ಲಿ ಕುಳಿತವನು ಮಾಡಬಲ್ಲುದೇನು, ಮಾಡಲಾರದುದೇನು? ಅವನನ್ನು ಆರಿಸುವ ಬಗೆ ನಮಗೆ ಪರಿಚಿತವಾದ ಚುನಾವಣೆಗಳಿಗಿಂತ ಹೇಗೆ ಬೇರೆ? ಇವನ್ನು ವಿಚಾರಿಸುವುದು ಕಂಪ್ಯೂಟರಿನ ಗೊಡವೆಯೇ ಇಲ್ಲದವರಿಗೂ ಉಪಯುಕ್ತವಾದೀತು. ಬಲಾತ್ಕಾರವಿಲ್ಲದೆ, ಕೂಲಿಯ ಆಸೆಯಿಲ್ಲದೆ, ಸಾವಿರ ಜನರು ಕೂಡಿ ಒಂದು ದೊಡ್ಡ ಕೆಲಸವನ್ನು ಮಾಡಬೇಕಾದರೆ ಅವರ ಮುಂದಾಳು ಎಂಥವನಿರಬೇಕು ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ವೇಷ ತೊಟ್ಟು ಬಂದಿದೆ.

ಡೆಬಿಯನ್ನಿನ ಹುಟ್ಟು

ಕಂಪ್ಯೂಟರಿನ ಯಂತ್ರಭಾಗಕ್ಕೂ ಅದರಲ್ಲಿ ನಾವು ಮಾಡುವ ಕೆಲಸಕ್ಕೂ ನಡುವೆ ನಿಂತು ಎರಡನ್ನೂ ಜೋಡಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಡೆಬಿಯನ್ ಇಂಥ ಒಂದು ವ್ಯವಸ್ಥೆ. 1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಇಯಾನ್ ಮರ್ಡಾಕ್ ಇದರ ಆರಂಭವನ್ನು ಸಾರಿದರು. ಡೆಬ್ರಾ ಎಂಬಾಕೆಯ ಹೆಸರಿನ ಮೊದಲ ಭಾಗವನ್ನು ತಮ್ಮ ಹೆಸರಿನೊಡನೆ ಕೂಡಿಸಿ ಅವರು ಕಟ್ಟಿದ ಪದವೇ ಡೆಬಿಯನ್.

ಇದು ಮುಕ್ತ ತಂತ್ರಾಂಶ. ಸಿದ್ಧವಾದ ಅಡುಗೆಯನ್ನು ಮಾರುವುದು ಒಂದು ಬಗೆ. ಅಡುಗೆಯೊಡನೆ ಅದನ್ನು ಮಾಡುವ ವಿಧಾನವನ್ನೂ ಬರೆದುಕೊಟ್ಟು, ‘ನಿಮಗೆ ರುಚಿಸುವಂತೆ ಬದಲಿಸಿಕೊಳ್ಳಿ, ಊರಿಗೆಲ್ಲ ಬಡಿಸಿ’ ಎನ್ನುವುದು ಇನ್ನೊಂದು ಬಗೆ. ಮುಕ್ತ ತಂತ್ರಾಂಶದವರು ಎರಡನೆಯ ಪಂಗಡದವರು. ಕ್ರಮವಿಧಿಯ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದುದನ್ನು ಹಂಚಬಹುದು. 2025ರ ಆಗಸ್ಟ್ 9ರಂದು ಹೊರಬಂದ ಡೆಬಿಯನ್ನಿನ 13ನೆಯ ಆವೃತ್ತಿಯಲ್ಲಿ 69,000ಕ್ಕೂ ಹೆಚ್ಚು ತಂತ್ರಾಂಶ ಪ್ಯಾಕೇಜುಗಳಿದ್ದವು. ಉಬುಂಟು ಎಂಬ ಪ್ರಸಿದ್ಧ ವ್ಯವಸ್ಥೆಯೂ, ವಿದ್ಯಾರ್ಥಿಗಳು ಪ್ರಯೋಗಕ್ಕೆ ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ವ್ಯವಸ್ಥೆಯೂ ಇದೇ ಬುನಾದಿಯ ಮೇಲೆ ನಿಂತಿವೆ. ಡೆಬಿಯನ್ನನ್ನು ಯಂತ್ರದಲ್ಲಿ ಸ್ಥಾಪಿಸುವಾಗ ಭಾಷೆಯನ್ನು ಆರಿಸಿಕೊಳ್ಳುವ ಪಟ್ಟಿಯಲ್ಲಿ ಕನ್ನಡವೂ ಸೇರಿದೆ. ಹೀಗೆ ಆ ದೂರದ ಸಮುದಾಯದ ದುಡಿಮೆಯ ಫಲ ನಮ್ಮ ಅಂಗಳಕ್ಕೂ ಬಂದಿದೆ.

ಇಷ್ಟು ಕೆಲಸವನ್ನು ನಡೆಸುವ ಡೆಬಿಯನ್ ಒಂದು ಕಂಪೆನಿಯಲ್ಲ. ಅದಕ್ಕೆ ಮಾಲೀಕನಿಲ್ಲ, ಸಂಬಳದ ಪಟ್ಟಿಯಿಲ್ಲ. ಹಲವು ದೇಶಗಳಲ್ಲಿ ಚೆದುರಿರುವ ಸ್ವಯಂಸೇವಕರು ಒಬ್ಬೊಬ್ಬರು ಕೆಲವು ಪ್ಯಾಕೇಜುಗಳ ಹೊಣೆ ಹೊತ್ತಿರುತ್ತಾರೆ. ಹೀಗಿರುವಲ್ಲಿ ಅದಕ್ಕೊಬ್ಬ ನಾಯಕನೇಕೆ? ಮೊದಲಲ್ಲಿ ಸ್ಥಾಪಕರಾದ ಮರ್ಡಾಕ್ ಅವರೇ ಮುಂದಾಳಾಗಿದ್ದರು. 1996ರಲ್ಲಿ ಬ್ರೂಸ್ ಪೆರೆನ್ಸ್ ಬಂದರು. ಸಮುದಾಯ ಬೆಳೆದಂತೆ, ಯಾರು ಯಾವುದನ್ನು ನಿರ್ಣಯಿಸಬೇಕೆಂಬುದನ್ನು ಬಾಯಿಮಾತಿಗೆ ಬಿಡುವುದು ಕ್ಷೇಮವಲ್ಲವೆಂದು ತೋರಿತು. 1998ರ ಡಿಸೆಂಬರಿನಲ್ಲಿ ಸದಸ್ಯರು ಒಂದು ಲಿಖಿತ ಸಂವಿಧಾನವನ್ನು ಅಂಗೀಕರಿಸಿದರು. ನಾಯಕನನ್ನು ವರ್ಷಕ್ಕೊಮ್ಮೆ ಚುನಾಯಿಸುವ ಪದ್ಧತಿ ಅದರಿಂದ ನೆಲೆಗೊಂಡಿತು.

ಅಧಿಕಾರದ ಮೇರೆ

ಈ ಸಂವಿಧಾನದ ಆರಂಭದಲ್ಲಿಯೇ ಒಂದು ಅಪೂರ್ವವಾದ ನಿಯಮವುಂಟು. ಅದರ ತಾತ್ಪರ್ಯವಿಷ್ಟು: ಇಲ್ಲಿಯ ಯಾವ ಮಾತೂ ಯಾರನ್ನೂ ಕೆಲಸ ಮಾಡುವಂತೆ ಕಟ್ಟುಪಡಿಸುವುದಿಲ್ಲ, ತನಗೆ ಒಪ್ಪಿಸಿದ ಕೆಲಸ ಇಷ್ಟವಿಲ್ಲದವನು ಅದನ್ನು ಮಾಡಬೇಕಾಗಿಲ್ಲ, ಆದರೆ ನಿಯಮಾನುಸಾರ ಆದ ನಿರ್ಣಯಗಳಿಗೆ ವಿರುದ್ಧವಾಗಿ ಯಾರೂ ಕಾರ್ಯ ಮಾಡಕೂಡದು. ಆಳುವವರಿಗೆ ಈ ಮೂರು ಮಾತುಗಳಿಗಿಂತ ಬಿಗಿಯಾದ ಲಗಾಮು ಇನ್ನೊಂದಿಲ್ಲ.

ನಾಯಕನು ಇತರ ಸದಸ್ಯರಿಗೆ ಪ್ರತಿನಿಧಿಗಳೆಂದು ಹೊಣೆಗಳನ್ನು ವಹಿಸಬಹುದು. ಆದರೆ ‘ನೀನು ಇಂಥ ತೀರ್ಮಾನವನ್ನೇ ಮಾಡಬೇಕು’ ಎಂಬ ಕರಾರಿನ ಮೇಲೆ ವಹಿಸುವಂತಿಲ್ಲ. ಪ್ರತಿನಿಧಿ ಮಾಡಿದ ತೀರ್ಮಾನವನ್ನು ತಾನೇ ತಳ್ಳಿಹಾಕುವಂತೆಯೂ ಇಲ್ಲ. ತಂತ್ರವಿಷಯದ ವಿವಾದಗಳನ್ನು ತೀರಿಸಲು ಬೇರೊಂದು ತಾಂತ್ರಿಕ ಸಮಿತಿಯಿದೆ. ಸಮುದಾಯದ ಹೆಸರಿನಲ್ಲಿ ಬೇರೆ ಸಂಸ್ಥೆಗಳು ಇಟ್ಟುಕೊಂಡಿರುವ ಹಣದ ವಿನಿಯೋಗ, ತುರ್ತಿನ ನಿರ್ಣಯಗಳು, ಯಾರ ಪಾಲಿಗೂ ಬೀಳದ ಹೊಣೆಗಳು, ಹೊರಜಗತ್ತಿನೆದುರು ಸಮುದಾಯದ ಪರವಾಗಿ ಮಾತನಾಡುವುದು, ಚರ್ಚೆಗಳನ್ನು ದಡ ಮುಟ್ಟಿಸುವುದು ಇವು ನಾಯಕನ ಪಾಲು. ಅವುಗಳಲ್ಲಿಯೂ ಸದಸ್ಯರ ಒಮ್ಮತವನ್ನು ಅರಿತು ನಡೆಯಲು ಪ್ರಯತ್ನಿಸಬೇಕೆಂದು ನಿಬಂಧನೆ ಹೇಳುತ್ತದೆ. ಸದಸ್ಯರು ಮತ ಹಾಕಿ ಅವನನ್ನು ಅವಧಿಗೆ ಮೊದಲೇ ಇಳಿಸಲೂಬಹುದು.

ತೇರನ್ನೆಳೆಯುವವರನ್ನು ಯಾರೂ ಹೆದರಿಸಿ ಎಳೆಸುವುದಿಲ್ಲ. ಹಗ್ಗ ಹಿಡಿದ ಕೈಗಳು ಒಲವಿನಿಂದ ಹಿಡಿದವು. ಮುಂದೆ ನಿಂತು ಕೂಗು ಹಾಕುವವನು ಎಲ್ಲರೂ ಒಮ್ಮೆಗೇ ಎಳೆಯುವಂತೆ ತಾಳ ಹಿಡಿಸಬಲ್ಲನಷ್ಟೆ. ಡೆಬಿಯನ್ನಿನ ನಾಯಕನ ಸ್ಥಿತಿ ಹೆಚ್ಚು ಕಡಿಮೆ ಅಂಥದು. ಅದರ ಮೇಲೆ ಇನ್ನೊಂದು ವಿಶೇಷವೆಂದರೆ, ಇಲ್ಲಿ ಅಸಮಾಧಾನಗೊಂಡವರು ತೇರಿನ ಪಡಿಯಚ್ಚನ್ನೇ ತೆಗೆದುಕೊಂಡು ಬೇರೆ ಬೀದಿಗೆ ಹೋಗಬಹುದು. ಮೂಲ ಬರಹ ಎಲ್ಲರದೂ ಆಗಿರುವುದರಿಂದ ಅದಕ್ಕೆ ಯಾರ ಅಡ್ಡಿಯೂ ಇಲ್ಲ. 2014ರಲ್ಲಿ ಯಂತ್ರ ಚಾಲೂ ಆಗುವಾಗ ಕೆಲಸ ಮಾಡುವ ಒಂದು ತಂತ್ರಾಂಶದ ಆಯ್ಕೆಯ ಬಗ್ಗೆ ಎದ್ದ ವಿವಾದದ ಫಲವಾಗಿ ಕೆಲವರು ಹೀಗೆಯೇ ಹೊರಬಂದು ದೇವುವಾನ್ ಎಂಬ ಬೇರೊಂದು ವ್ಯವಸ್ಥೆಯನ್ನು ಕಟ್ಟಿದರು. ಸೋತ ಪಕ್ಷವು ಕೈಬಿಟ್ಟು ಹೋಗಬಹುದಾದ ರಾಜ್ಯದಲ್ಲಿ ಗೆದ್ದವನ ಗೆಲುವು ಎಷ್ಟು ಎಚ್ಚರದಿಂದ ನಿಶ್ಚಯವಾಗಬೇಕೆಂಬುದನ್ನು ವಾಚಕರು ಊಹಿಸಬಹುದು.

ಉಮೇದುವಾರನ ಆರು ವಾರಗಳು

ಚುನಾವಣೆ ಒಟ್ಟು ಆರು ವಾರ ನಡೆಯುತ್ತದೆ. ಮೊದಲ ವಾರದಲ್ಲಿ ಯಾವ ಸದಸ್ಯನಾದರೂ ತನ್ನ ಹೆಸರನ್ನು ತಾನೇ ಸೂಚಿಸಿಕೊಳ್ಳಬಹುದು. ಠೇವಣಿಯಿಲ್ಲ, ಪಕ್ಷವಿಲ್ಲ, ಅನುಮೋದಕರ ಸಹಿಗಳೂ ಬೇಡ. ಮುಂದಿನ ಮೂರು ವಾರ ಪ್ರಚಾರಕ್ಕೆ ಮೀಸಲು. ಉಮೇದುವಾರರು ತಮ್ಮ ಧ್ಯೇಯಗಳನ್ನು ವಿವರಿಸುವ ಪ್ರಣಾಳಿಕೆಯನ್ನು ಬರೆದು ಪ್ರಕಟಿಸುತ್ತಾರೆ. ಸದಸ್ಯರು ಬಹಿರಂಗವಾಗಿ ಪ್ರಶ್ನೆ ಕೇಳುತ್ತಾರೆ, ಉಮೇದುವಾರರು ಬಹಿರಂಗವಾಗಿಯೇ ಉತ್ತರಿಸುತ್ತಾರೆ. ಕೊನೆಯ ಎರಡು ವಾರ ಮತದಾನ.

ಪ್ರಣಾಳಿಕೆಯನ್ನು ಬರೆಯುವವನಿಗೆ ಇಲ್ಲಿ ಒಂದು ತೊಡಕುಂಟು. ‘ನಾನು ಬಂದರೆ ಇಂಥದನ್ನು ಮಾಡಿಸುತ್ತೇನೆ’ ಎಂದು ಅವನು ಹೇಳಲಾರ. ಮಾಡಿಸುವ ಶಕ್ತಿ ಆ ಸ್ಥಾನಕ್ಕಿಲ್ಲ. ‘ಇಂಥದನ್ನು ನೀವು ಮಾಡಬಯಸಿದರೆ ನಿಮ್ಮ ಹಾದಿಯ ಕಲ್ಲುಗಳನ್ನು ನಾನು ಸರಿಸುತ್ತೇನೆ’ ಎಂದು ಮಾತ್ರ ಹೇಳಬಲ್ಲ. ಆದುದರಿಂದ ಹೊಸಬರನ್ನು ಬರಮಾಡಿಕೊಳ್ಳುವುದು, ದಣಿದವರ ಹೊರೆಯನ್ನು ಹಂಚುವುದು, ಹಣವನ್ನು ಹದವಾಗಿ ಬಳಸುವುದು ಇವೇ ಚರ್ಚೆಯ ವಸ್ತುಗಳಾಗುತ್ತವೆ.

ಸೋಲಿಗೂ ಇಲ್ಲಿ ಪ್ರಯೋಜನವುಂಟು. ದಕ್ಷಿಣ ಆಫ್ರಿಕದ ಜೊನಾಥನ್ ಕಾರ್ಟರ್ 2019ರಲ್ಲಿ ನಿಂತು ಗೆಲ್ಲಲಿಲ್ಲ. 2020ರಲ್ಲಿ ಮತ್ತೆ ನಿಂತು ಗೆದ್ದರು, 2024ರ ವರೆಗೆ ಸತತವಾಗಿ ನಾಲ್ಕು ಅವಧಿ ಆ ಹೊಣೆಯನ್ನು ಹೊತ್ತರು. ಭಾರತದ ಶ್ರುತಿ ಚಂದ್ರನ್ 2020ರಲ್ಲಿಯೂ 2021ರಲ್ಲಿಯೂ ಕಣದಲ್ಲಿದ್ದರು. ಸಮುದಾಯದಲ್ಲಿ ಮಹಿಳೆಯರೇ ಮೊದಲಾದವರ ಸಂಖ್ಯೆ ಏಕೆ ಇಷ್ಟು ವಿರಳವೆಂಬ ಪ್ರಶ್ನೆಯನ್ನು ಅವರು ತಮ್ಮ ಪ್ರಣಾಳಿಕೆಯ ನಡುವೆ ಇಟ್ಟರು. ಆ ಎರಡು ವರ್ಷಗಳಲ್ಲಿ ಆಯ್ಕೆ ಕಾರ್ಟರ್ ಅವರದಾಯಿತು. ಆದರೆ ಪ್ರಶ್ನೆ ಎಲ್ಲ ಉಮೇದುವಾರರೂ ಉತ್ತರಿಸಬೇಕಾದ ಸ್ಥಾನಕ್ಕೆ ಬಂದಿತು. ಡೆಬಿಯನ್ನಿನ ವಾರ್ಷಿಕ ಸಮ್ಮೇಳನವು 2023ರಲ್ಲಿ ಕೊಚ್ಚಿಯಲ್ಲಿ ನಡೆದುದನ್ನೂ ಇಲ್ಲಿ ನೆನೆಯಬಹುದು.

ಮತ ಹಾಕುವ ಕ್ರಮವೂ ಸ್ವಾರಸ್ಯವಾದದ್ದು. ಒಬ್ಬರ ಮುಖವನ್ನೊಬ್ಬರು ಕಾಣದ ಮತದಾರರು ದೂರದೂರದಿಂದ ಕಳುಹಿಸುವ ಮತಪತ್ರಗಳನ್ನು ನಂಬುವುದೆಂತು? ಪ್ರತಿ ಸದಸ್ಯನಿಗೂ ಗಣಿತದ ಬಲದಿಂದ ಕೂಡಿದ, ಬೇರೆಯವರು ನಕಲು ಮಾಡಲಾಗದ ಡಿಜಿಟಲ್ ಸಹಿಯುಂಟು. ಮತಪತ್ರಕ್ಕೆ ಅದೇ ಮೊಹರು. ಮತವನ್ನು ಸ್ವೀಕರಿಸುವ ಕಂಪ್ಯೂಟರ್ ಮತದಾರನಿಗೆ ಒಂದು ಗುಟ್ಟಿನ ಗುರುತನ್ನು ಕಳುಹಿಸುತ್ತದೆ. ಚುನಾವಣೆ ಮುಗಿದ ಮೇಲೆ ಎಲ್ಲ ಮತಪತ್ರಗಳೂ ಹೆಸರಿಲ್ಲದೆ ಪ್ರಕಟವಾಗುತ್ತವೆ. ಒಂದೊಂದರ ಪಕ್ಕದಲ್ಲಿಯೂ ಆ ಗುಟ್ಟಿನಿಂದ ಲೆಕ್ಕಹಾಕಿ ಪಡೆದ ಅಕ್ಷರಮಾಲೆಯೊಂದು ಇರುತ್ತದೆ. ತನ್ನ ಮತ ಎಣಿಕೆಗೆ ಸೇರಿತೇ ಎಂದು ಪ್ರತಿಯೊಬ್ಬನೂ ಪರೀಕ್ಷಿಸಬಹುದು; ನೆರೆಯವನ ಮತವನ್ನು ಮಾತ್ರ ತಿಳಿಯಲಾರ.

ಒಂದೇ ಮತರಾಶಿ, ಮೂರು ಫಲಗಳು

ಇನ್ನು ಎಣಿಕೆಯ ವಿಚಾರ. ಡೆಬಿಯನ್ನಿನ ಮತದಾರನು ಒಂದು ಹೆಸರಿಗೆ ಗುರುತು ಹಾಕಿ ಸುಮ್ಮನಾಗುವುದಿಲ್ಲ; ತನ್ನ ಮೆಚ್ಚುಗೆಯ ಕ್ರಮದಲ್ಲಿ 1, 2, 3 ಎಂದು ಅಂಕೆಗಳನ್ನು ಹಾಕುತ್ತಾನೆ. ಇದರಿಂದಾಗುವ ಭೇದವನ್ನು ಒಂದು ಚಿಕ್ಕ ಲೆಕ್ಕದಿಂದ ನೋಡೋಣ.

ರಾಮ, ಭೀಮ, ಸೋಮ ಎಂಬ ಮೂವರು ಉಮೇದುವಾರರು, ಮತದಾರರು 100. ಅವರಲ್ಲಿ 40 ಮಂದಿಗೆ ರಾಮ ಮೊದಲು, ಭೀಮ ಎರಡನೆಯವ, ಸೋಮ ಕೊನೆ. 35 ಮಂದಿಗೆ ಸೋಮ ಮೊದಲು, ಭೀಮ ಎರಡನೆಯವ, ರಾಮ ಕೊನೆ. ಉಳಿದ 25 ಮಂದಿಗೆ ಭೀಮ ಮೊದಲು, ಸೋಮ ಎರಡನೆಯವ, ರಾಮ ಕೊನೆ.

ನಮ್ಮ ಲೋಕಸಭೆ, ವಿಧಾನಸಭೆಗಳ ಚುನಾವಣೆಯ ಕ್ರಮದಲ್ಲಿ ಮೊದಲ ಮೆಚ್ಚುಗೆಯನ್ನಷ್ಟೇ ಎಣಿಸಿದರೆ ರಾಮನಿಗೆ 40, ಸೋಮನಿಗೆ 35, ಭೀಮನಿಗೆ 25. ರಾಮ ಗೆದ್ದ, ಆದರೆ 60 ಮಂದಿಗೆ ಅವನೇ ಎಲ್ಲರಿಗಿಂತ ಬೇಡವಾದವನು.

ನಮ್ಮ ರಾಷ್ಟ್ರಪತಿಯ ಚುನಾವಣೆಯಲ್ಲಿ ಬೇರೆ ಕ್ರಮವಿದೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮೊದಲ ಮತಗಳು ಬಾರದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ಮತಗಳನ್ನು ಮುಂದಿನ ಮೆಚ್ಚುಗೆಯಂತೆ ಹಂಚುತ್ತಾರೆ. 1969ರಲ್ಲಿ ವಿ. ವಿ. ಗಿರಿಯವರು ಹೀಗೆ ಎರಡನೆಯ ಮೆಚ್ಚುಗೆಯ ಮತಗಳನ್ನು ಎಣಿಸಿದ ಮೇಲೆ ಆಯ್ಕೆಯಾದರು. ನಮ್ಮ ಲೆಕ್ಕಕ್ಕೆ ಈ ಕ್ರಮವನ್ನು ಹಚ್ಚಿದರೆ ಮೊದಲು ಭೀಮ ಹೊರಬೀಳುತ್ತಾನೆ. ಅವನ 25 ಮತಗಳು ಸೋಮನಿಗೆ ಸೇರುತ್ತವೆ. ಸೋಮ 60ಕ್ಕೆ 40ರಿಂದ ಗೆಲ್ಲುತ್ತಾನೆ.

ಮೂರನೆಯ ಕ್ರಮವೆಂದರೆ ಇಬ್ಬಿಬ್ಬರನ್ನೇ ಎದುರೆದುರು ನಿಲ್ಲಿಸಿ ನೋಡುವುದು. ಭೀಮ ಮತ್ತು ರಾಮ ಇಬ್ಬರೇ ಆದರೆ ಭೀಮನಿಗೆ 60, ರಾಮನಿಗೆ 40. ಭೀಮ ಮತ್ತು ಸೋಮ ಇಬ್ಬರೇ ಆದರೆ ಭೀಮನಿಗೆ 65, ಸೋಮನಿಗೆ 35. ಭೀಮನು ಇಬ್ಬರನ್ನೂ ಸೋಲಿಸಿದ. ಮತಪತ್ರಗಳಲ್ಲಿ ಒಂದಕ್ಷರವೂ ಬದಲಾಗಲಿಲ್ಲ; ಎಣಿಸುವ ಬಗೆ ಬದಲಾದಂತೆ ಗೆದ್ದವನೂ ಬದಲಾದ!

ಈ ಮೂರನೆಯ ಕ್ರಮವೇ ಡೆಬಿಯನ್ನಿನದು. 1785ರಲ್ಲಿ ಇದನ್ನು ಗಣಿತದ ಭಾಷೆಯಲ್ಲಿ ಚರ್ಚಿಸಿದ ಫ್ರೆಂಚ್ ವಿದ್ವಾಂಸ ಕಾಂಡೋರ್ಸೆಯ ಹೆಸರಿನಿಂದ ಇದು ಪ್ರಸಿದ್ಧವಾಗಿದೆ. ಫ್ರಾನ್ಸಿನ ಕ್ರಾಂತಿಯನ್ನು ಬೆಂಬಲಿಸಿದ ಆತ ಅದರ ಕೋಪಕ್ಕೇ ತುತ್ತಾಗಿ 1794ರಲ್ಲಿ ಸೆರೆಮನೆಯಲ್ಲಿ ಸತ್ತನು. ಆತನ ವಿಚಾರವು ಇನ್ನೂರು ವರ್ಷಗಳ ತರುವಾಯ ಕಂಪ್ಯೂಟರ್ ತಜ್ಞರ ಚುನಾವಣೆಗೆ ಆಧಾರವಾದುದು ವಿಧಿಯ ವಿನೋದ.

ಸುತ್ತು ಬಿದ್ದ ಬಹುಮತ

ಆದರೆ ಈ ಕ್ರಮದಲ್ಲಿಯೂ ಒಂದು ತೊಡಕುಂಟೆಂದು ಕಾಂಡೋರ್ಸೆ ತಾನೇ ಕಂಡುಕೊಂಡಿದ್ದನು. ಒಂಬತ್ತು ಮತದಾರರನ್ನು ಊಹಿಸಿಕೊಳ್ಳೋಣ. ನಾಲ್ವರ ಕ್ರಮ ರಾಮ, ಭೀಮ, ಸೋಮ. ಮೂವರ ಕ್ರಮ ಭೀಮ, ಸೋಮ, ರಾಮ. ಇಬ್ಬರ ಕ್ರಮ ಸೋಮ, ರಾಮ, ಭೀಮ. ರಾಮನು ಭೀಮನನ್ನು 6ಕ್ಕೆ 3ರಿಂದಲೂ, ಭೀಮನು ಸೋಮನನ್ನು 7ಕ್ಕೆ 2ರಿಂದಲೂ, ಸೋಮನು ರಾಮನನ್ನು 5ಕ್ಕೆ 4ರಿಂದಲೂ ಸೋಲಿಸುತ್ತಾರೆ. ಬಹುಮತವು ತನ್ನ ಬಾಲವನ್ನು ತಾನೇ ಹಿಡಿದು ಸುತ್ತತೊಡಗಿತು! ಪ್ರತಿಯೊಬ್ಬ ಮತದಾರನ ಮನಸ್ಸೂ ನೇರವಾಗಿದ್ದರೂ ಎಲ್ಲರ ಮನಸ್ಸುಗಳೂ ಕೂಡಿದಾಗ ಹೀಗಾಗಬಹುದು.

ಈ ಸುತ್ತನ್ನು ಬಿಡಿಸಲು ಜರ್ಮನಿಯ ಮಾರ್ಕಸ್ ಶುಲ್ಜೆ ಒಂದು ವಿಧಾನವನ್ನು ರೂಪಿಸಿದರು. ಡೆಬಿಯನ್ ಅದನ್ನು 2003ರಲ್ಲಿ ತನ್ನ ಸಂವಿಧಾನಕ್ಕೆ ಸೇರಿಸಿಕೊಂಡಿತು. ಸ್ಥೂಲವಾಗಿ ಹೇಳುವುದಾದರೆ, ಸುತ್ತಿನಲ್ಲಿರುವ ಗೆಲುವುಗಳಲ್ಲಿ ಎಲ್ಲಕ್ಕಿಂತ ದುರ್ಬಲವಾದುದನ್ನು ಕಳಚಿಹಾಕುವುದೇ ಅದರ ಮರ್ಮ. ನಮ್ಮ ಲೆಕ್ಕದಲ್ಲಿ 5ಕ್ಕೆ 4ರ ಗೆಲುವು ಕಳಚಿಬೀಳುತ್ತದೆ. ರಾಮ ಮೊದಲಿಗನಾಗಿ ಉಳಿಯುತ್ತಾನೆ. ಇದರಿಂದ ಎಲ್ಲ ದೋಷಗಳೂ ನಿವಾರಣೆಯಾದುವೆಂದು ನಾವು ಭ್ರಮಿಸಬೇಕಾಗಿಲ್ಲ. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಲ್ಲಿ, ನ್ಯಾಯವಾದವೆಂದು ತೋರುವ ಕೆಲವೇ ನಿಬಂಧನೆಗಳನ್ನು ಒಟ್ಟಿಗೆ ಪಾಲಿಸುವ, ಅಂಕೆಗಳ ಕ್ರಮದ ಯಾವ ಮತಪದ್ಧತಿಯೂ ಸಾಧ್ಯವಿಲ್ಲವೆಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲಿ ಸಾಧಿಸಿ ತೋರಿಸಿದರು. ಆದ್ದರಿಂದ ಯಾವ ದೋಷವನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬ ವಿವೇಕವೊಂದೇ ಉಳಿಯುತ್ತದೆ.

‘ಇವರಾರೂ ಬೇಡ’

ಡೆಬಿಯನ್ನಿನ ಮತಪತ್ರದಲ್ಲಿ ಉಮೇದುವಾರರೊಡನೆ ‘ಇವರಾರೂ ಬೇಡ’ ಎಂಬುದೂ ಒಂದು ಸ್ಪರ್ಧಿ. ಭಾರತದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಂತೆ 2013ರಲ್ಲಿ ಬಂದ ‘ನೋಟಾ’ ನಮಗೆ ಗೊತ್ತಿರುವುದಷ್ಟೆ. ನಮ್ಮಲ್ಲಿ ವಿಧಾನಸಭೆ, ಲೋಕಸಭೆಗಳ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಉಮೇದುವಾರರಲ್ಲಿ ಹೆಚ್ಚು ಮತ ಪಡೆದವನೇ ಗೆದ್ದವನು. ಅಲ್ಲಿ ಹಾಗಲ್ಲ, ‘ಇವರಾರೂ ಬೇಡ’ ಎಂಬುದೇ ಗೆದ್ದರೆ ಇಡೀ ಚುನಾವಣೆಯನ್ನು ಮತ್ತೆ ನಡೆಸಬೇಕು.

ಇದರ ಜೊತೆಗೆ ಕೋರಂ ಒಂದುಂಟು. ಸದಸ್ಯರ ಸಂಖ್ಯೆಯ ವರ್ಗಮೂಲದ ಒಂದೂವರೆ ಪಟ್ಟಿನಷ್ಟು ಮತದಾರರಾದರೂ ಉಮೇದುವಾರನನ್ನು ‘ಇವರಾರೂ ಬೇಡ’ ಎಂಬುದಕ್ಕಿಂತ ಮೇಲೆ ಇಟ್ಟಿರಬೇಕು. ಸದಸ್ಯರು 1,000 ಇದ್ದರೆ ವರ್ಗಮೂಲ ಸುಮಾರು 31.6, ಕೋರಂ ಸುಮಾರು 47.4, ಎಂದರೆ 48 ಮಂದಿ. ಸದಸ್ಯರ ಸಂಖ್ಯೆ ನಾಲ್ಕು ಪಟ್ಟಾದರೆ ಕೋರಂ ಎರಡು ಪಟ್ಟಾಗುತ್ತದಷ್ಟೆ. ಸ್ವಯಂಸೇವಕರ ಕೂಟ ದೊಡ್ಡದಾದಂತೆ ಮತ ಹಾಕಲು ಬಿಡುವಿಲ್ಲದವರೂ ಹೆಚ್ಚುವರೆಂಬುದನ್ನು ನೆನೆದರೆ ಈ ವರ್ಗಮೂಲದ ಔಚಿತ್ಯ ಮನದಟ್ಟಾಗುತ್ತದೆ.

2006ರ ಪರೀಕ್ಷೆ

ಇಷ್ಟೆಲ್ಲ ಎಚ್ಚರದಿಂದ ಆರಿಸಿದ ನಾಯಕನೂ ಸಮುದಾಯದ ಮನಸ್ಸನ್ನು ಮೀರಿ ಬಹುದೂರ ಹೋಗಲಾರ. 2006ರಲ್ಲಿ ಆಸ್ಟ್ರೇಲಿಯದ ಆಂಥೊನಿ ಟೌನ್ಸ್ ನಾಯಕರಾಗಿದ್ದಾಗ ಇದಕ್ಕೊಂದು ನಿದರ್ಶನ ಒದಗಿತು. ಹೊಸ ಆವೃತ್ತಿ ಆ ಡಿಸೆಂಬರಿನಲ್ಲಿ ಸಕಾಲಕ್ಕೆ ಹೊರಬರಲೆಂದು ಅವರೂ ಇತರ ಕೆಲವರೂ ಸೇರಿ, ಬಿಡುಗಡೆಯ ಹೊಣೆ ಹೊತ್ತವರು ಪೂರ್ಣಾವಧಿ ದುಡಿಯುವಂತೆ ಹಣ ಕೂಡಿಸಿ ಕೊಡುವ ಯೋಜನೆಯೊಂದನ್ನು ಹೂಡಿದರು. ಉದ್ದೇಶವೇನೋ ಒಳ್ಳೆಯದೇ. ಆದರೆ ಎಲ್ಲರೂ ಪುಕ್ಕಟೆಯಾಗಿ ದುಡಿಯುವಲ್ಲಿ ಕೆಲವರಿಗೆ ಮಾತ್ರ ಹಣ ಬಂದರೆ ಉಳಿದವರ ಉತ್ಸಾಹವೇನಾಗಬೇಕು? ಕೆಲವು ಸದಸ್ಯರು ತಮ್ಮ ಕೈಕೆಲಸವನ್ನು ಸಡಿಲಿಸಿದರು. ನಾಯಕರನ್ನು ಇಳಿಸಬೇಕೆಂಬ ಗೊತ್ತುವಳಿಯೂ ಮತಕ್ಕೆ ಬಂದಿತು. ಅದು ಬಿದ್ದುಹೋಯಿತು, ಟೌನ್ಸ್ ಉಳಿದರು. ಆದರೆ ಆ ಆವೃತ್ತಿ ಡಿಸೆಂಬರಿನಲ್ಲಿ ಬರಲಿಲ್ಲ. 2007ರ ಏಪ್ರಿಲ್ 8ರಂದು ಹೊರಬಂದಿತು. ಆ ವರ್ಷದ ಚುನಾವಣೆಯಲ್ಲಿ ಟೌನ್ಸ್ ಮತ್ತೆ ನಿಂತರು, ಆಯ್ಕೆ ಬೇರೊಬ್ಬರದಾಯಿತು.

ಇಲ್ಲಿ ಯಾರದು ಸರಿ, ಯಾರದು ತಪ್ಪು ಎಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಗಮನಿಸಬೇಕಾದುದು ಇಷ್ಟು: ನಾಯಕನ ನಿರ್ಣಯವನ್ನು ಯಾರೂ ಸಂವಿಧಾನದ ಬಲದಿಂದ ತಡೆಯಬೇಕಾಗಲಿಲ್ಲ, ಕೆಲವರು ಹಗ್ಗವನ್ನು ಮೆಲ್ಲಗೆ ಸಡಿಲಬಿಟ್ಟರು.

ಈಗ ಎಣಿಕೆಯ ಗಣಿತಕ್ಕೂ ನಾಯಕನ ದೌರ್ಬಲ್ಯಕ್ಕೂ ಇರುವ ಸಂಬಂಧ ಸ್ಪಷ್ಟವಾಗುತ್ತದೆ. ಆಜ್ಞೆ ಮಾಡಬಲ್ಲ ಅರಸನಿಗೆ 40 ಮಂದಿಯ ಗಾಢವಾದ ಭಕ್ತಿ ಸಾಕಾದೀತು; ಉಳಿದ 60 ಮಂದಿಯನ್ನು ಅವನು ದಂಡದಿಂದ ನಡೆಸಿಯಾನು. ದಂಡವಿಲ್ಲದವನಿಗೆ ಆ 60 ಮಂದಿಯೂ ಬೇಕು. ಅವರಿಗೆ ಅವನು ಅಚ್ಚುಮೆಚ್ಚಾಗಬೇಕೆಂದಿಲ್ಲ; ‘ಇವನೊಡನೆ ಹೊಂದಿಕೊಂಡು ಹೋಗಬಹುದು’ ಎನ್ನಿಸಿದರೆ ಸಾಕು. ಇಬ್ಬಿಬ್ಬರನ್ನು ತೂಗಿ ನೋಡುವ ಎಣಿಕೆ ಹುಡುಕುವುದು ಅಂಥವನನ್ನೇ. ನಮ್ಮ ಸಹಕಾರ ಸಂಘಗಳಲ್ಲಿ, ವಾಚನಾಲಯಗಳಲ್ಲಿ, ಊರ ಕೆಲಸದ ಸಮಿತಿಗಳಲ್ಲಿ ಅಧ್ಯಕ್ಷನನ್ನು ಆರಿಸುವಾಗ ಮತಪತ್ರದ ಮೇಲೆ ಒಂದು ಗುರುತಿನ ಬದಲು ಮೂರು ಅಂಕೆಗಳನ್ನು ಹಾಕಿ ನೋಡಿದರೆ ಖರ್ಚೇನೂ ಹೆಚ್ಚದು. ನೂರು ಮತಪತ್ರಗಳನ್ನು ಇಬ್ಬಿಬ್ಬರಂತೆ ಎಣಿಸಲು ಒಂದು ಸಂಜೆ ಸಾಕು.